ಲೆಕ್ಕದ ಮೇಡಂ ಮಾತಾಡದ ಎಂಟು ವಾರ

ಲೆಕ್ಕದ ಮೇಡಂ ದನಿಯ ಬಗ್ಗೆ ಆ ಶಾಲೆಯಲ್ಲಿ ಓಡಾಡುತ್ತಿದ್ದ ಕಥೆಗಳಲ್ಲಿ ಅರ್ಧ ಉತ್ಪ್ರೇಕ್ಷೆ, ಇನ್ನರ್ಧ ಅಪ್ಪಟ ನಿಜ. ಮೇಲಿನ ಮಹಡಿಯ ಹತ್ತನೇ ತರಗತಿಯಲ್ಲಿ ಅವರು "ಎರಡೂ ಕಡೆಯಿಂದ ಏಳು ಕಳೀರಿ" ಅಂದರೆ, ಕೆಳಗೆ ಆರನೇ ತರಗತಿಯ ಮಕ್ಕಳು ಕಳೆಯುವುದಕ್ಕೆ ಏಳು ಎಲ್ಲಿದೆ ಎಂದು ತಮ್ಮ ಪುಸ್ತಕದಲ್ಲಿ ಹುಡುಕುತ್ತಿದ್ದರಂತೆ. ಪಕ್ಕದ ಕೋಣೆಯ ಇತಿಹಾಸದ ಮೇಷ್ಟ್ರು ಸೆಕೆಗಾಲದಲ್ಲೂ ಕಿಟಕಿ ಮುಚ್ಚಿಕೊಂಡು ಪಾಠ ಮಾಡುತ್ತಿದ್ದದ್ದಂತೂ ಎಲ್ಲರೂ ಕಣ್ಣಾರೆ ಕಂಡದ್ದು. ಮಕ್ಕಳು ಬೆನ್ನ ಹಿಂದೆ ಸ್ಪೀಕರಮ್ಮ ಅನ್ನುತ್ತಿದ್ದರು. ಮೇಡಂಗೆ ಅದು ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಇದ್ದರು, ಯಾಕೆಂದರೆ ಆ ಹೆಸರು ಅವರಿಗೆ ಒಳಗೊಳಗೇ ಇಷ್ಟವಾಗಿತ್ತು.

ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಅನ್ನುತ್ತಾರಲ್ಲ, ಇಪ್ಪತ್ತೆಂಟು ವರ್ಷ ಅವರು ಹಾಗೇ ಬದುಕಿದ್ದರು. ಬೆತ್ತ ಹಿಡಿದವರಲ್ಲ, ಹಿಡಿಯುವ ಅಗತ್ಯವೂ ಬಂದಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಒಂದು ತಲೆ ವಾಲಿದರೆ ಸಾಕು, ಬೋರ್ಡಿನ ಕಡೆ ತಿರುಗಿದ್ದ ಹಾಗೇ ಒಂದು ಗದರಿಕೆ ಬೀಳುತ್ತಿತ್ತು, ತಲೆ ನೆಟ್ಟಗಾಗುತ್ತಿತ್ತು. ಪ್ರತಿ ಲೆಕ್ಕದ ಕೊನೆಗೆ "ಅರ್ಥ ಆಯ್ತಾ?" ಎಂದು ಕೇಳುವರು. "ಆಯ್ತು ಮೇಡಂ" ಎಂದು ನಲವತ್ತೆರಡು ಮಕ್ಕಳು ಒಕ್ಕೊರಲಿನಿಂದ ಹೇಳುವರು. ಅಲ್ಲಿಗೆ ಆ ಲೆಕ್ಕ ಮುಗಿದಂತೆ.

ಅವರಿಗೆ ಇನ್ನೊಂದು ಚಾಳಿ ಇತ್ತು. ಬೇರೆಯವರ ಪಿರಿಯಡ್ ಕಿತ್ತುಕೊಳ್ಳುವುದು. ಲೆಕ್ಕ ಕಲಿಸುವವರಿಗೆಲ್ಲ ಇರುವ ಕಾಯಿಲೆಯೇ ಇದು, ಆದರೆ ಇವರಿಗೆ ತುಸು ಜಾಸ್ತಿಯೇ ಅಂಟಿತ್ತು. ಆಟದ ಪಿರಿಯಡ್ ಸಿಕ್ಕರೆ ಆಟದ್ದು, ಚಿತ್ರಕಲೆ ಸಿಕ್ಕರೆ ಚಿತ್ರಕಲೆ. ಎಲ್ಲಕ್ಕಿಂತ ಸಲೀಸಾಗಿ ಸಿಗುತ್ತಿದ್ದದ್ದು ಕಂಪ್ಯೂಟರ್ ಲ್ಯಾಬಿನದು. ಬಾಗಿಲಲ್ಲಿ ನಿಂತು, "ಸರ್, ಪೋರ್ಷನ್ ಉಳ್ದಿದೆ, ನಿಮ್ಮ ಪಿರಿಯಡ್ ಬೇಕು" ಅಂದರೆ ಮುಗಿಯಿತು. ಲ್ಯಾಬ್ ಸರ್ "ಆಗ್ಲಿ ಮೇಡಂ" ಎಂದು ತಲೆಯಾಡಿಸಿ, ಕೀಬೋರ್ಡುಗಳ ಸಂದಿಯ ಧೂಳನ್ನು ಬ್ರಷ್ಷಿನಿಂದ ಕೆರೆಯುತ್ತ ಕೂರುತ್ತಿದ್ದರು. ಹನ್ನೊಂದು ವರ್ಷದಲ್ಲಿ ಅವರು ಒಂದು ದಿನವೂ ಇಲ್ಲ ಅಂದವರಲ್ಲ. ಹಾಗಾಗಿ ಆ ಮನುಷ್ಯನಿಗೆ ಅದರಿಂದ ಬೇಸರವಾಗಬಹುದು ಎಂಬ ಯೋಚನೆ ಮೇಡಂ ತಲೆಯ ಹತ್ತಿರವೂ ಸುಳಿದಿರಲಿಲ್ಲ.

ದನಿ ಹೋದದ್ದು ಒಂದೇ ದಿನದಲ್ಲಲ್ಲ. ಮೊದಲು ಸಂಜೆ ಹೊತ್ತಿಗೆ ಒಡೆಯುತ್ತಿತ್ತು, ಆಮೇಲೆ ಮಧ್ಯಾಹ್ನಕ್ಕೇ. ಬಿಸಿನೀರು, ಉಪ್ಪುನೀರು, ಅತ್ತೆಯ ಕಷಾಯ ಎಲ್ಲ ಆಯಿತು. ಒಂದು ಸೋಮವಾರ ಹಾಜರಿ ಕೂಗಲು ಬಾಯಿ ತೆರೆದರೆ ಗಾಳಿ ಮಾತ್ರ ಬಂತು. ಗಂಟಲಿನ ಡಾಕ್ಟರು ಕೊಳವೆ ಇಳಿಸಿ ನೋಡಿ, ದನಿತಂತಿಯ ಮೇಲೆ ಗಂಟು ಕಟ್ಟಿದೆ ಅಂದರು.

"ಎಂಟು ವಾರ ಒಂದು ಅಕ್ಷರ ಮಾತಾಡಬಾರದು. ಪಿಸುಗುಟ್ಟಲೂಬಾರದು, ಅದು ಇನ್ನೂ ಕೆಟ್ಟದ್ದು. ಆಮೇಲೆ ಮಾತು ಬರುತ್ತೆ. ಆದರೆ ಕ್ಲಾಸಲ್ಲಿ ಕೂಗೋ ದನಿ ಮತ್ತೆ ಬರುತ್ತೆ ಅಂತ ನಾನು ಹೇಳಲಾರೆ."

ಮನೆಯಲ್ಲಿ ಅತ್ತೆಗೆ ಎಂಬತ್ತು ದಾಟಿತ್ತು, ನಾಲಿಗೆಗೆ ಮಾತ್ರ ಇನ್ನೂ ಹರೆಯ. ಡಾಕ್ಟರ ಚೀಟಿಯನ್ನು ಮೂಗಿನ ಹತ್ತಿರ ಹಿಡಿದು ಓದಿ, "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತ ಸುಮ್ಮನೆ ಅಂದಿಲ್ಲ ಕಣೇ. ಮೂವತ್ತು ವರ್ಷ ಕಾದೆ, ಈಗ ನನ್ನ ಕಾಲ ಬಂತು ನೋಡು" ಎಂದು ನಕ್ಕರು. ಮಗ್ಗುಲಲ್ಲಿ ಕೂತ ಸೊಸೆಯ ಕಣ್ಣಲ್ಲಿ ನೀರು ಕಂಡು ನಗು ನಿಲ್ಲಿಸಿದರು. ಕೈ ಹಿಡಿದುಕೊಂಡು, "ಅಳಬೇಡ ಮಗಳೇ, ನಿನ್ನ ಬಾಯಿಗೆ ರಜೆ ಸಿಕ್ಕಿದೆ, ತಲೆಗಲ್ಲ" ಅಂದರು.

ಹೆಡ್‌ಮೇಡಂ ಒಳ್ಳೆಯವರು, ಆದರೆ ಮುಲಾಜಿಗೆ ಬಗ್ಗುವವರಲ್ಲ. "ರಜೆ ತಗೊಳ್ಳಿ ಮೇಡಂ. ಹತ್ತನೇ ಕ್ಲಾಸು ಈ ವರ್ಷ ಬೇರೆಯವರು ನೋಡ್ಕೋತಾರೆ. ನೀವು ವಾಪಸ್ ಬಂದ ಮೇಲೆ ಲೈಬ್ರರಿ ನೋಡ್ಕೊಂಡು ಆರಾಮಾಗಿ ಇರಬಹುದು" ಅಂದರು.

ಲೆಕ್ಕದ ಮೇಡಂಗೆ ಈ ಆರಾಮು ಎಂಬ ಮಾತು ಚೂರಿಯ ಹಾಗೆ ಚುಚ್ಚಿತು. ನಿವೃತ್ತಿಗೆ ಇನ್ನೂ ಆರು ವರ್ಷವಿತ್ತು. ಒಮ್ಮೆ ಹತ್ತನೇ ತರಗತಿ ಕೈ ಬಿಟ್ಟರೆ ಮತ್ತೆ ಬರುವುದಿಲ್ಲ, ಲೈಬ್ರರಿಯ ಬೀರುವಿಗೆ ಬೀಗ ಹಾಕಿಕೊಂಡು ಆರು ವರ್ಷ ಕೂರಬೇಕು. ಕೊರಳಿಗೆ ದಾರದಲ್ಲಿ ನೇತುಹಾಕಿಕೊಂಡಿದ್ದ ಚೀಟಿ ಪುಸ್ತಕದಲ್ಲಿ, 'ಮಾತಿಲ್ಲದೆ ಕಲಿಸುತ್ತೇನೆ' ಎಂದು ಬರೆದು ತೋರಿಸಿದರು.

"ನಿಮ್ಮ ಬಗ್ಗೆ ನನಗೆ ಕನಿಕರ ಇದೆ. ಆ ನಲವತ್ತೆರಡು ಮಕ್ಕಳ ಬಗ್ಗೆಯೂ ಇದೆ" ಅಂದರು ಹೆಡ್‌ಮೇಡಂ. ಸ್ವಲ್ಪ ಯೋಚಿಸಿ, "ಆಯ್ತು. ಐದು ವಾರಕ್ಕೆ ಕಿರುಪರೀಕ್ಷೆ ಇದೆ. ಮಕ್ಕಳು ಕೆಳಗೆ ಬೀಳದೇ ಇದ್ರೆ ತರಗತಿ ನಿಮ್ಮದೇ. ಬಿದ್ರೆ ಬಿಟ್ಟುಕೊಡ್ಬೇಕು" ಅಂದರು.

ಮೊದಲ ಮೂರು ದಿನ ಮೇಡಂ ಬೋರ್ಡನ್ನೇ ನಂಬಿದರು. ಲೆಕ್ಕವನ್ನು ಮೆಟ್ಟಿಲು ಮೆಟ್ಟಿಲಾಗಿ ಬರೆದರು, ಬಾಣ ಹಾಕಿದರು, ಮುಖ್ಯವಾದದ್ದಕ್ಕೆ ಎರಡೆರಡು ಗೆರೆ ಎಳೆದರು. ಬೆನ್ನು ತಿರುಗಿಸಿದ್ದೇ ತಡ, ಹಿಂದೆ ಸಂತೆ ನೆರೆಯುತ್ತಿತ್ತು. ಡಸ್ಟರಿನಿಂದ ಮೇಜು ಕುಟ್ಟಿದರೆ ಒಂದು ನಿಮಿಷ ನಿಶ್ಶಬ್ದ, ಮತ್ತೆ ಸಂತೆ. ಮಕ್ಕಳು ಕೆಟ್ಟವರೇನಲ್ಲ. ಆ ದನಿ ಕೇಳಿದರೆ ಸುಮ್ಮನಿರಬೇಕು ಎಂದಷ್ಟೇ ಅವರು ಕಲಿತಿದ್ದರು, ದನಿಯೇ ಇಲ್ಲವಾದರೆ ಏನು ಮಾಡಬೇಕೆಂದು ಪಾಪ ಅವರಿಗೂ ತಿಳಿಯದು. ಮೂರನೇ ದಿನ ಇತಿಹಾಸದ ಮೇಷ್ಟ್ರು ಗದ್ದಲ ತಾಳಲಾರದೆ ಬಂದು ಮಕ್ಕಳನ್ನು ಗದರಿ ಹೋದರು. ಬೇರೆಯವರು ಬಂದು ತನ್ನ ತರಗತಿ ಗದರಿದ್ದು ಮೇಡಂ ಸರ್ವಿಸಿನಲ್ಲೇ ಮೊದಲು. ಅವರು ನೇರವಾಗಿ ಕಾರಿಡಾರಿನ ತುದಿಯ ಲ್ಯಾಬಿಗೆ ನಡೆದರು.

ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರು. ಇಪ್ಪತ್ತನಾಲ್ಕು ಕಂಪ್ಯೂಟರುಗಳು ನೀಲಿ ಬಟ್ಟೆ ಹೊದ್ದು ಮಲಗಿದ್ದವು. ಮೇಡಂ ಚೀಟಿಯಲ್ಲಿ ಬರೆದು ಮುಂದೆ ಹಿಡಿದರು: 'ಸರ್, ನಿಮ್ಮ ಪಿರಿಯಡ್ ಬೇಕು.'

ಲ್ಯಾಬ್ ಸರ್ ಓದಿ ಕನ್ನಡಕದ ಮೇಲಿಂದ ನೋಡಿದರು. "ಹನ್ನೊಂದು ವರ್ಷದಿಂದ ಕೇಳ್ತಾ ಇದ್ದೀರಿ ಮೇಡಂ. ಲಿಖಿತ ಅರ್ಜಿ ಇದೇ ಮೊದಲು" ಅಂದರು. ಮಾತಿನಲ್ಲಿ ನಗುವಿತ್ತು, ಕಣ್ಣಿನಲ್ಲಿ ಇರಲಿಲ್ಲ. ಮೇಡಂಗೆ ಅದು ಮೊದಲ ಸಲ ಕಂಡಿತು. ಮಾತಾಡುವ ಬಾಯಿ ಮುಚ್ಚಿದ ಮೇಲೆ ನೋಡುವ ಕಣ್ಣು ತೆರೆಯುತ್ತದೋ ಏನೋ. ಚೀಟಿಯನ್ನು ವಾಪಸು ತೆಗೆದುಕೊಂಡು ಕೊನೆಗೆ ಒಂದು ಮಾತು ಸೇರಿಸಿದರು: 'ನಿಮ್ಮನ್ನೂ ಸೇರಿಸಿ.'

ಸರ್ ಅದನ್ನು ಎರಡು ಸಲ ಓದಿದರು. ಎದ್ದು ಹೋಗಿ ಒಂದು ಕುರ್ಚಿ ತಂದು ಒರೆಸಿ ಹಾಕಿದರು. 'ನಿಮಗೆ ಯಾವಾಗ ಬಿಡುವು?' ಎಂದು ಮೇಡಂ ಬರೆದರು.

"ಯಾವಾಗ ಬಿಡುವಿಲ್ಲ ಅಂತ ಕೇಳಿ ಮೇಡಂ, ಬೇಗ ಹೇಳಿ ಮುಗಿಸ್ತೀನಿ."

ಅಂದಿನಿಂದ ಮೇಡಂ ವಿದ್ಯಾರ್ಥಿನಿಯಾದರು. ಒಂದೇ ಬೆರಳಿನಲ್ಲಿ, ಕೋಳಿ ಕಾಳು ಹೆಕ್ಕಿದ ಹಾಗೆ ಟೈಪ್ ಮಾಡುವರು. ಲ್ಯಾಬ್ ಸರ್ ತೋರಿಸಿದ್ದು ಹೆಚ್ಚೇನಲ್ಲ, ಮೂರೇ ಮೂರು. ಒಂದು, ಪ್ರಶ್ನೆಗಳನ್ನು ಹಾಕಿದರೆ ಮಕ್ಕಳ ಉತ್ತರವನ್ನು ತಾನೇ ತಿದ್ದಿ ಅಂಕ ಕೊಡುವ ಆನ್‌ಲೈನ್ ಪುಟ. ಇನ್ನೊಂದು, ಸಮೀಕರಣದ ಅಂಕಿ ಬದಲಿಸಿದರೆ ಗೆರೆ ತಾನಾಗಿ ವಾಲುವ, ಏಳುವ ಗ್ರಾಫಿನ ಪುಟ. ಮತ್ತೊಂದು ಪ್ರಶ್ನೆ ಪೆಟ್ಟಿಗೆ. ಅದರಲ್ಲಿ ಮಕ್ಕಳು ಹೆಸರು ಹಾಕದೆ ಏನು ಬೇಕಾದರೂ ಕೇಳಬಹುದು.

ಗ್ರಾಫಿನ ಪುಟ ನೋಡಿ ಮೇಡಂ ಸಣ್ಣ ಹುಡುಗಿಯಾದರು. ಇಪ್ಪತ್ತೆಂಟು ವರ್ಷ ಅವರು ಗಾಳಿಯಲ್ಲಿ ಕೈ ಓರೆ ಮಾಡಿ ತೋರಿಸುತ್ತಿದ್ದ ಇಳಿಜಾರು ಇಲ್ಲಿ ಅಂಕಿ ಒತ್ತಿದರೆ ವಾಲುತ್ತಿತ್ತು. ಎರಡು ಹಾಕಿದರು, ಐದು ಹಾಕಿದರು, ಋಣ ಐದು ಹಾಕಿದರು. ಗೆರೆ ಅತ್ತ ಮಗುಚಿಕೊಂಡಾಗ ಸದ್ದಿಲ್ಲದೆ ಚಪ್ಪಾಳೆ ತಟ್ಟಿದರು. ಈ ಕೋಣೆಯನ್ನು ತನ್ನ ಮಕ್ಕಳಿಂದ ಹನ್ನೊಂದು ವರ್ಷ ದೂರವಿಟ್ಟವಳು ನಾನೇ ಅಲ್ಲವೇ ಎಂದು ಆಮೇಲೆ ಅನ್ನಿಸಿತು. ಚಪ್ಪಾಳೆ ತಟ್ಟಿದ ಕೈ ಮಡಿಲಿಗೆ ಬಂತು.

ಎರಡನೇ ವಾರದ ಕೊನೆಗೆ ಲ್ಯಾಬಿನಲ್ಲಿ ಮೊದಲ ಪರೀಕ್ಷೆ ಇಟ್ಟರು. ಕೆಲಸ ಮಾಡುವ ಕಂಪ್ಯೂಟರು ಹತ್ತೊಂಬತ್ತು, ಮಕ್ಕಳು ನಲವತ್ತೆರಡು. ಒಂದೊಂದರ ಮುಂದೆ ಇಬ್ಬರು, ಕೆಲವು ಕಡೆ ಮೂವರು. ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ತಮ್ಮ ಕ್ರಮಸಂಖ್ಯೆ ಹಾಕಿ ಬರೆಯಬೇಕು. ಬೋರ್ಡಿನ ಮೇಲೆ ಮೇಡಂ ಬರೆದದ್ದು ಒಂದೇ ಸಾಲು: 'ಹಂಚಿಕೊಂಡು ಕೂತು ಮಾಡಿ.' ಪಿರಿಯಡ್ ಮುಗಿಯುವ ಹೊತ್ತಿಗೆ ಅಂಕಗಳು ಪರದೆಯ ಮೇಲೆ ಬಂದವು. ಮೂವತ್ತೆಂಟು ಮಕ್ಕಳಿಗೆ ಹತ್ತಕ್ಕೆ ಹತ್ತು!

ಖುಷಿಯಲ್ಲಿ ಮೇಡಂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಲ್ಯಾಬ್ ಸರ್ "ಒಂದ್ಸಲ ನೋಡೋಣ ಮೇಡಂ, ಸ್ವಲ್ಪ ತಡೀರಿ" ಅನ್ನುತ್ತಿದ್ದರೂ ಕೇಳದೆ, ಪಟ್ಟಿಯ ಪ್ರಿಂಟು ತೆಗೆಸಿಕೊಂಡು ಹೆಡ್‌ಮೇಡಂ ಮೇಜಿನ ಮೇಲೆ ಇಟ್ಟು ಬಂದರು. ಮಾರನೇ ದಿನ ತರಗತಿಯಲ್ಲಿ ಅದೇ ಲೆಕ್ಕದ ಅಂಕಿ ಬದಲಿಸಿ ಬೋರ್ಡಿಗೆ ಹಾಕಿ, ಒಬ್ಬೊಬ್ಬರನ್ನೇ ಕರೆದು ಸೀಮೆಸುಣ್ಣ ಕೊಟ್ಟರು. ಐದನೆಯವಳ ಸರದಿ ಬಂತು. ಹತ್ತಕ್ಕೆ ಹತ್ತು ತೆಗೆದವಳಿಗೆ ಮೊದಲ ಸಾಲೇ ಗೊತ್ತಿಲ್ಲ.

'ನಿನ್ನೆ ಹೇಗೆ ಬಂತು?' ಎಂದು ಬರೆದು ತೋರಿಸಿದರು.

"ನಿನ್ನೆ ಇವಳು ಮಾಡಿದ್ಲು ಮೇಡಂ" ಎಂದಳು ಹುಡುಗಿ, ಪಕ್ಕದವಳನ್ನು ತೋರಿಸಿ. "ಮೌಸ್ ಇವಳ ಹತ್ರ ಇತ್ತು. ತನ್ನದು ಮುಗಿಸಿ ನನ್ನ ನಂಬರ್ ಹಾಕಿ ನನ್ನದೂ ಮಾಡಿದ್ಲು. ನೀವೇ ಹಂಚ್ಕೊಂಡು ಮಾಡಿ ಅಂತ ಬರ್ದಿದ್ರಲ್ಲ ಮೇಡಂ?"

ಅವಳ ಮುಖದಲ್ಲಿ ಕಳ್ಳತನದ ಲವಲೇಶವೂ ಇರಲಿಲ್ಲ. ಹೀಗೆ ಪಕ್ಕದವರು ಮಾಡಿಕೊಟ್ಟದ್ದು ಇನ್ನು ಯಾರಿಗೆ, ಕೈ ಎತ್ತಿ ಎಂದು ಬರೆದು ತೋರಿಸಿದರೆ ಇಪ್ಪತ್ತು ಕೈಗಳು ಎದ್ದವು. ಮಕ್ಕಳು ಹೇಳಿದ ಮಾತು ಕೇಳಿದ್ದರು, ಅಷ್ಟೇ. ಒಂದು ಕಂಪ್ಯೂಟರಿನ ಮುಂದೆ ಇಬ್ಬರನ್ನು ಕೂರಿಸಿದರೆ ಮೌಸ್ ಹಿಡಿದವರೇ ಕಲಿಯುತ್ತಾರೆ, ಇನ್ನೊಬ್ಬರು ನೋಡುತ್ತಾರೆ. ಚುರುಕಾದವರ ಕೈಗೇ ಮೌಸ್ ಹೋಗುತ್ತದೆ. ಮೇಡಂಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದವರು ತಡೀರಿ ಅಂದರೂ ಅವರು ತಡೆದಿರಲಿಲ್ಲ.

ಹೆಡ್‌ಮೇಡಂ ಮೇಜಿನ ಮೇಲೆ ಆ ಪಟ್ಟಿ ಇನ್ನೂ ಇತ್ತು. ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮೇಡಂ ಮೆಟ್ಟಿಲ ಬಳಿ ಒಂದು ನಿಮಿಷ ನಿಂತರು, ಆಮೇಲೆ ಇಳಿದು ಹೋದರು. ಒಂದಿಡೀ ಪುಟ ಬರೆದು ಮುಂದಿಟ್ಟರು. ತಪ್ಪು ನನ್ನದು, ಮಕ್ಕಳದಲ್ಲ, ಲ್ಯಾಬ್ ಸರ್ ಅವರದಂತೂ ಅಲ್ಲವೇ ಅಲ್ಲ ಎಂದು ಕೊನೆಯ ಸಾಲಿಗೆ ಎರಡು ಗೆರೆ ಎಳೆದರು. ಹೆಡ್‌ಮೇಡಂ ಪೂರ್ತಿ ಓದಿ, ಹಳೆಯ ಪಟ್ಟಿಯನ್ನು ಮಡಚಿ ಕಸದ ಬುಟ್ಟಿಗೆ ಹಾಕಿದರು. "ಕಿರುಪರೀಕ್ಷೆ ಕಾಗದದ ಮೇಲೇ ನಡೆಯುತ್ತೆ ಮೇಡಂ. ಇನ್ನೂ ಮೂರು ವಾರ ಇದೆ" ಎಂದಷ್ಟೇ ಅಂದರು.

ಲ್ಯಾಬ್ ಸರ್ ಆಡಿಕೊಳ್ಳಲಿಲ್ಲ. "ಅರ್ಧ ಮಕ್ಕಳನ್ನ ನನಗೆ ಕೊಡಿ" ಅಂದರು. "ಅರ್ಧ ನಿಮ್ಮ ಹತ್ರ ಇರಲಿ. ಮಾರನೇ ದಿನ ಅದಲುಬದಲು. ಒಬ್ಬರಿಗೆ ಒಂದು ಮೌಸ್, ತಕರಾರೇ ಇಲ್ಲ." ಅರ್ಧ ಅಂದರೆ ಇಪ್ಪತ್ತೊಂದು, ಕಂಪ್ಯೂಟರು ಇನ್ನೆರಡು ಬೇಕು. ಸರ್ ಒಂದಿಡೀ ಶನಿವಾರ ನೆಲದ ಮೇಲೆ ಕೂತು, ಸತ್ತ ಐದು ಕಂಪ್ಯೂಟರುಗಳ ಅಂಗಾಂಗ ಬಿಚ್ಚಿ ಎರಡಕ್ಕೆ ಜೀವ ಕೊಟ್ಟರು. ಎರಡನೆಯದು ಬೀಪ್ ಅಂದಾಗ ಮೇಡಂ ಅವರ ಧೂಳು ಮೆತ್ತಿದ ಕೈಯನ್ನೇ ಹಿಡಿದು ಕುಲುಕಿದರು.

ಹಾಗೆ ಲೆಕ್ಕದ ಪಿರಿಯಡ್ ಎರಡು ಕೋಣೆಗಳಲ್ಲಿ ನಡೆಯತೊಡಗಿತು. ಅತ್ತ ಲ್ಯಾಬಿನಲ್ಲಿ ಇಪ್ಪತ್ತೊಂದು ಮಕ್ಕಳು ಮೇಡಂ ಹಾಕಿಟ್ಟ ಪ್ರಶ್ನೆಗಳ ಜೊತೆ ಗುದ್ದಾಡುತ್ತಿದ್ದರೆ, ಇತ್ತ ತರಗತಿಯಲ್ಲಿ ಉಳಿದ ಇಪ್ಪತ್ತೊಂದು ಮಕ್ಕಳ ಪಕ್ಕದಲ್ಲಿ ಮೇಡಂ ಕೆಂಪು ಪೆನ್ನು ಹಿಡಿದು ಬೆಂಚಿನಿಂದ ಬೆಂಚಿಗೆ ಸರಿಯುತ್ತಿದ್ದರು. ಬೋರ್ಡಿನ ಹತ್ತಿರದಿಂದ ಇಪ್ಪತ್ತೆಂಟು ವರ್ಷ ಕಾಣದ್ದು ಬೆಂಚಿನಿಂದ ಕಂಡಿತು. ಒಬ್ಬ ಋಣ ಚಿಹ್ನೆಯನ್ನು ಎಷ್ಟು ಸಣ್ಣದಾಗಿ ಹಾಕುತ್ತಿದ್ದನೆಂದರೆ, ಮುಂದಿನ ಸಾಲಿಗೆ ಬರುವಷ್ಟರಲ್ಲಿ ಅವನಿಗೇ ಅದು ಕಾಣುತ್ತಿರಲಿಲ್ಲ. ಒಬ್ಬಳು ಮನಸ್ಸಿನಲ್ಲಿ ಸರಿಯಾಗಿ ಮಾಡಿ ಹೆದರಿ ತಪ್ಪು ಬರೆಯುತ್ತಿದ್ದಳು. ಮುಂದಿನ ಬೆಂಚಿನ ಜಾಣನೊಬ್ಬ ಲೆಕ್ಕವನ್ನೇ ಬಾಯಿಪಾಠ ಮಾಡಿಕೊಂಡಿದ್ದ.

ಪ್ರಶ್ನೆ ಪೆಟ್ಟಿಗೆ ಮೊದಲ ವಾರ ಖಾಲಿ ಇತ್ತು. 'ಮೇಡಂ ಊಟ ಆಯ್ತಾ' ಎಂದೊಬ್ಬರು ಕೇಳಿದ್ದರು, ಅಷ್ಟೇ. ಮೇಡಂ 'ಆಯ್ತು, ನಿಮ್ಮದು?' ಎಂದು ಉತ್ತರ ಹಾಕಿದರು. ಮಾರನೇ ದಿನ ಇಪ್ಪತ್ತಾರು ಪ್ರಶ್ನೆ ಬಿದ್ದಿದ್ದವು. ಅವುಗಳಲ್ಲಿ ಒಂದು ಹೀಗಿತ್ತು:

'ಮೇಡಂ, ನನಗೆ ಎಂಟನೇ ಕ್ಲಾಸಿನಿಂದಲೂ ಭಿನ್ನರಾಶಿ ಬರಲ್ಲ. ನೀವು ಅರ್ಥ ಆಯ್ತಾ ಅಂತ ಕೇಳಿದಾಗ ಎಲ್ಲರೂ ಆಯ್ತು ಅಂತಿದ್ರು, ನಾನೂ ಅಂದೆ. ಈಗ ಹೇಳಿದ್ರೆ ಬೈತೀರಾ?'

ಓದಿ ಮೇಡಂಗೆ ಮೊದಲು ನೋವಾಯಿತು, ಅದನ್ನು ಮುಚ್ಚಿಡುವುದು ಬೇಡ. ಇಪ್ಪತ್ತೆಂಟು ವರ್ಷ ಕೇಳಿದ ಆ ಒಕ್ಕೊರಲಿನ ಕೆಳಗೆ ಇಂಥ ಎಷ್ಟು ಮಕ್ಕಳು ಮುಚ್ಚಿಹೋದರೋ. ಆಮೇಲೆ ನಿಧಾನವಾಗಿ ನೋವಿನ ಜಾಗದಲ್ಲಿ ಒಂದು ಋಣಭಾವ ತುಂಬಿಕೊಂಡಿತು. ಈ ಮಗು ಹೇಳಿತಲ್ಲ, ತಡವಾಗಿಯಾದರೂ ಹೇಳಿತಲ್ಲ. 'ಬೈಯಲು ನನಗೆ ದನಿ ಎಲ್ಲಿದೆ? ಇದ್ದಿದ್ದರೂ ಬೈಯುತ್ತಿರಲಿಲ್ಲ. ಕೇಳಿದ್ದಕ್ಕೆ ಥ್ಯಾಂಕ್ಸ್ ಕಣಪ್ಪಾ, ಕಣಮ್ಮಾ, ಯಾರೋ' ಎಂದು ಒಂದೇ ಬೆರಳಿನಲ್ಲಿ ಟೈಪ್ ಮಾಡಿದರು.

ಬರೀ ಉತ್ತರ ಸಾಲದಾಗಿತ್ತು. ಲ್ಯಾಬ್ ಸರ್ ಫೋನನ್ನು ಮೇಜಿನ ಮೇಲೆ ಬಗ್ಗಿಸಿ ಹಿಡಿದರು, ಮೇಡಂ ಕಾಗದದ ಪಟ್ಟಿಗಳನ್ನು ಮಡಚಿ, ಕತ್ತರಿಸಿ, ಜೋಡಿಸಿ ಭಿನ್ನರಾಶಿ ಕೂಡುವುದನ್ನು ತೋರಿಸಿದರು. ಮಾತಿಲ್ಲ, ಮುಖವಿಲ್ಲ, ಎರಡು ಕೈ ಮಾತ್ರ. ಐದು ನಿಮಿಷದ ವಿಡಿಯೊ. ಅದನ್ನು ಲ್ಯಾಬಿನ ಪುಟಕ್ಕೆ ಹಾಕಿದರೆ, ಭಿನ್ನರಾಶಿ ಬರುತ್ತದೆ ಎಂದು ಮೇಡಂ ನಂಬಿದ್ದ ಮಕ್ಕಳೂ ಕದ್ದು ನೋಡಿದರು. ಕೆಲವರು ನಾಲ್ಕು ಸಲ ಹಿಂದಕ್ಕೆ ಓಡಿಸಿ ನೋಡಿದರು.

"ಬಾಯಲ್ಲಿ ಹೇಳಿದ್ದನ್ನ ಹಿಂದಕ್ಕೆ ಓಡ್ಸೋಕಾಗಲ್ಲ ನೋಡಿ ಮೇಡಂ" ಅಂದರು ಲ್ಯಾಬ್ ಸರ್. "ಇನ್ನೊಂದ್ಸಲ ಹೇಳಿ ಅಂತ ಕೇಳೋಕೆ ಮಕ್ಕಳಿಗೆ ಭಯ. ಇದಕ್ಕೆ ಎಷ್ಟು ಸಲ ಕೇಳಿದ್ರೂ ಸಿಟ್ಟು ಬರಲ್ಲ."

ಐದನೇ ವಾರ ಕಿರುಪರೀಕ್ಷೆ ಬಂತು. ಪವಾಡವೇನೂ ನಡೆಯಲಿಲ್ಲ, ನಡೆಯಿತು ಎಂದರೆ ಸುಳ್ಳಾಗುತ್ತದೆ. ತರಗತಿಯ ಸರಾಸರಿ ಹಿಂದಿನಷ್ಟೇ, ಅರ್ಧ ಅಂಕ ಹೆಚ್ಚು. ಬಾಯಿಪಾಠದ ಜಾಣ ನಾಲ್ಕು ಅಂಕ ಕೆಳಗಿಳಿದಿದ್ದ. ಆದರೆ ಹಿಂದಿನ ಸಲ ಹನ್ನೊಂದು ಮಕ್ಕಳು ನಪಾಸಾಗಿದ್ದ ಕಡೆ ಈ ಸಲ ನಾಲ್ವರು. ಹೆಡ್‌ಮೇಡಂ ಆ ಹನ್ನೊಂದು ಮಕ್ಕಳ ಈ ಸಲದ ಉತ್ತರಪತ್ರಿಕೆಗಳನ್ನು ತಾವೇ ಕೂತು ಇನ್ನೊಮ್ಮೆ ತಿದ್ದಿದರು. ಎರಡರಲ್ಲಿ ಅಂಕ ಒಂದೊಂದು ಹೆಚ್ಚೇ ಬಂತು. "ತರಗತಿ ನಿಮ್ಮದೇ ಮೇಡಂ. ವೇಳಾಪಟ್ಟಿಯಲ್ಲಿ ಲೆಕ್ಕದ ಮುಂದೆ ಇನ್ನು ಇಬ್ಬರ ಹೆಸರು ಬರೆಸ್ತೀನಿ, ಲ್ಯಾಬ್ ಸರ್ ಅವರದೂ ಸೇರಿಸಿ" ಅಂದರು. ಮೇಡಂ ಕೈ ಮುಗಿದು ಹೊರಬಂದು, ನೀರಿನ ನಲ್ಲಿಯ ಹತ್ತಿರ ಯಾರೂ ಇಲ್ಲದ್ದು ನೋಡಿಕೊಂಡು ಚೆನ್ನಾಗಿ ಅತ್ತರು. ಮನೆಗೆ ಬಂದು ಅತ್ತೆಗೆ ಬರೆದು ತೋರಿಸಿದರೆ, "ಬಾಯಿ ಮುಚ್ಕೊಂಡ್ರೆ ಮನೆ ಉದ್ಧಾರ ಆಗುತ್ತೆ ಅಂತ ನಾನು ಯಾವತ್ತಿನಿಂದ ಹೇಳ್ತಿದ್ದೆ" ಎಂದು ಅವರೂ ಕಣ್ಣೊರೆಸಿಕೊಂಡರು.

ಎಂಟು ವಾರ ಮುಗಿದ ದಿನ ಡಾಕ್ಟರು ಮತ್ತೆ ಕೊಳವೆ ಇಳಿಸಿ ನೋಡಿದರು. ಗಂಟು ಕರಗಿತ್ತು. "ದಿನಕ್ಕೆ ಹತ್ತು ನಿಮಿಷ ಮಾತಾಡಿ. ತಿಂಗಳು ಕಳೆದ ಮೇಲೆ ಜಾಸ್ತಿ ಮಾಡೋಣ. ಕೂಗೋದು ಮಾತ್ರ ಈ ಜನ್ಮಕ್ಕೆ ಮರ್ತುಬಿಡಿ."

ಮೊದಲ ಹತ್ತು ನಿಮಿಷ ಯಾರಿಗೆ ಎಂದು ಮೇಡಂ ದಾರಿಯುದ್ದಕ್ಕೂ ಯೋಚಿಸಿದರು. ಅತ್ತೆ ಮನೆಯಲ್ಲಿ ಕಾದಿದ್ದರು, ಮಕ್ಕಳು ಶಾಲೆಯಲ್ಲಿ ಕಾದಿದ್ದರು. ಮಾರನೇ ಬೆಳಿಗ್ಗೆ ಅತ್ತೆ ಮಾತಾಡಿಸಿದರೆ ಕೈಯಲ್ಲೇ ತಡೀರಿ ಎಂದು ಸನ್ನೆ ಮಾಡಿ, ಮೊದಲ ಗಂಟೆಗೆ ಅರ್ಧ ತಾಸು ಮುಂಚೆ ಶಾಲೆಗೆ ಬಂದು ನೇರ ಲ್ಯಾಬಿಗೆ ಹೋದರು. ಸರ್ ಬೆನ್ನು ತಿರುಗಿಸಿ ಕಂಪ್ಯೂಟರುಗಳ ನೀಲಿ ಹೊದಿಕೆ ಒಂದೊಂದಾಗಿ ತೆಗೆದು ಮಡಚುತ್ತಿದ್ದರು.

"ಸರ್" ಅಂದರು ಮೇಡಂ. ತಮ್ಮ ದನಿ ತಮಗೇ ಗುರುತು ಸಿಗಲಿಲ್ಲ, ಅಷ್ಟು ಸಣ್ಣದಾಗಿತ್ತು. "ಹನ್ನೊಂದು ವರ್ಷ ನಿಮ್ಮ ಪಿರಿಯಡ್ ಕಿತ್ಕೊಂಡೆ. ನಿಮ್ಮದೂ ಪಾಠ ಅನ್ನೋದೇ ನನ್ನ ತಲೆಗೆ ಹೋಗಿರ್ಲಿಲ್ಲ. ತಪ್ಪಾಯ್ತು. ಅಂಥವಳಿಗೆ ನೀವು ನನ್ನ ತರಗತಿ ಉಳಿಸಿಕೊಟ್ರಿ. ಇದನ್ನ ಚೀಟೀಲಿ ಬರೀಬಾರ್ದು, ಬಾಯಲ್ಲೇ ಹೇಳ್ಬೇಕು ಅಂತ ಕಾದಿದ್ದೆ."

ಸರ್ ತಿರುಗಲಿಲ್ಲ. ಹೊದಿಕೆ ಮಡಚುತ್ತಲೇ, "ಏನಂದ್ರಿ ಮೇಡಂ? ಈ ಫ್ಯಾನ್ ಸದ್ದಲ್ಲಿ ಸರಿಯಾಗಿ ಕೇಳಿಸ್ಲಿಲ್ಲ" ಅಂದರು.

ಮೇಡಂ ಎರಡು ಹೆಜ್ಜೆ ಹತ್ತಿರ ಬಂದು, ಗಂಟಲಿಗೆ ಕೈ ಒತ್ತಿಕೊಂಡು, ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ಹೇಳಿದರು. ಒಂದು ಮಾತೂ ಬಿಡಲಿಲ್ಲ. ಮುಗಿಸಿ, ಇಷ್ಟು ಸದ್ದು ಮಾಡುವ ಫ್ಯಾನು ಯಾವುದೆಂದು ತಲೆಯೆತ್ತಿ ನೋಡಿದರೆ, ಅದನ್ನು ಇನ್ನೂ ಹಾಕಿಯೇ ಇರಲಿಲ್ಲ.

ಸರ್ ಈ ಕಡೆ ತಿರುಗಿದರು. ಕನ್ನಡಕ ತೆಗೆದು ಕೈಯಲ್ಲಿದ್ದ ನೀಲಿ ಬಟ್ಟೆಯಲ್ಲಿ ಕಣ್ಣು ಒರೆಸಿಕೊಂಡರು.

"ಮೊದಲ್ನೇ ಸಲಾನೇ ಕೇಳಿಸ್ತು ಮೇಡಂ" ಅಂದರು. "ಹನ್ನೊಂದು ವರ್ಷಕ್ಕೆ ಒಂದೇ ಸಲ ಸಾಲ್ದು ಅನ್ನಿಸ್ತು."